ಹತ್ತು ವರ್ಷ, ಒಂದೇ ಅಂಗಿ

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ರೈಲಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಒಂದರ ಹಿಂದೆ ಒಂದು ಸಿಗುತ್ತವೆ. ರಾಣೆಬೆನ್ನೂರು ದಾಟಿದ ಮೇಲೆ ತುಂಗಭದ್ರೆ, ಅದರಾಚೆ ಹರಿಹರ. 1956ರ ನವೆಂಬರ್ 1ರವರೆಗೆ ಆ ಹೊಳೆಯೇ ಗಡಿ. ಈಚೆ ದಂಡೆಯ ನಾವು ಮುಂಬಯಿಗೆ ಸೇರಿದ ಧಾರವಾಡ ಜಿಲ್ಲೆಯವರು, ಆಚೆಯದು ಮೈಸೂರು. ಹಾಗಾಗಿ 1946ರಲ್ಲಿ ಮತ್ತು 1952ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಫುಟ್‌ಬಾಲ್ ಗೆದ್ದಾಗ ಅದು ನಮ್ಮ ಪಾಲಿಗೆ ನೆರೆಮನೆಯ ಹಬ್ಬ. ಏಕೀಕರಣವಾದ ಮೇಲೆ, 1967-68 ಮತ್ತು 1968-69ರಲ್ಲಿ ಅದೇ ಮೈಸೂರು ಸತತ ಎರಡು ಸಲ ಗೆದ್ದಿತು. ಆಗ ನಾವೂ ಆ ರಾಜ್ಯದವರೇ. ಆದರೂ ಆ ಗೆಲುವನ್ನು ನೆನಪಿಟ್ಟುಕೊಂಡ ಒಬ್ಬ ಹಿರಿಯರೂ ನಮ್ಮ ಊರ ಕಡೆ ನನಗೆ ಸಿಕ್ಕಿಲ್ಲ.

ಅದಕ್ಕೆ ಕಾರಣ ಹುಡುಕಬೇಕಾಗಿಯೂ ಇಲ್ಲ. ನಮ್ಮದು ಗರಡಿಮನೆಯ ಸೀಮೆ, ಕಬಡ್ಡಿ ಮತ್ತು ವಾಲಿಬಾಲಿನ ಸೀಮೆ. ದೀಪಾವಳಿ ಬಂದರೆ ಕೊಬ್ಬರಿ ಹೋರಿಗಳ ಸೀಮೆ. ಕಾಲ್ಚೆಂಡು ಬೇರುಬಿಟ್ಟಿದ್ದು ಪಲ್ಟನ್ನುಗಳಿದ್ದ ಕಡೆ. ಬೆಂಗಳೂರಿನಲ್ಲಿ ಅದು ಬೆಳೆದಿದ್ದು ದಂಡು ಪ್ರದೇಶದಲ್ಲಿ, ಸಿಪಾಯಿಗಳ ಆಟ ನೋಡಿ ಬರಿಗಾಲಲ್ಲಿ ಆಡಲು ಕಲಿತ ಬಡಾವಣೆಗಳ ಹುಡುಗರ ನಡುವೆ. 1937ರಲ್ಲಿ ಬ್ಯಾಂಗಲೂರ್ ಮುಸ್ಲಿಮ್ಸ್ ಎಂಬ ತಂಡ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. ಅಲ್ಲಿಯವರೆಗೆ ಬ್ರಿಟಿಷ್ ತಂಡಗಳೇ ಒಯ್ಯುತ್ತಿದ್ದ ಆ ಕಪ್ಪನ್ನು ಎತ್ತಿದ ಮೊದಲ ಭಾರತೀಯ ತಂಡ ಅದು. ಮರುವರ್ಷವೂ ಅವರೇ ಗೆದ್ದರು.

ಇತಿಹಾಸ ಪಾಠ ಮಾಡುವ ನಾನು ಈ ದಾರಿಗೆ ಬಂದದ್ದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ. ಇಟಲಿಯ ಫ್ರಾನ್ಸೆಸ್ಕೊ ತೊತ್ತಿ 1993ರಿಂದ 2017ರವರೆಗೆ ರೋಮಾ ಒಂದೇ ಕ್ಲಬ್ಬಿಗೆ ಆಡಿದ್ದನ್ನು ಮೊಬೈಲಿನಲ್ಲಿ ನೋಡಿದ ಅವನು ಕೇಳಿದ: ‘ಸರ್, ನಮ್ಮ ಕಡೆ ಹಿಂಗ ಒಂದ ಕ್ಲಬ್ಬಿಗೆ ಜೀವ ತೇದಾವ್ರು ಯಾರರ ಅದಾರೇನ್ರೀ?’

ಹುಡುಕುತ್ತ ಹೋದಾಗ ಸಿಕ್ಕ ಹೆಸರು ಅಹ್ಮದ್ ಖಾನ್. 1926ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಲ್ಲಿನ ತಂಡಗಳಲ್ಲಿ ಆಡಿ ಹೆಸರು ಮಾಡಿ, 1948ರಲ್ಲಿ ಲಂಡನ್ ಒಲಿಂಪಿಕ್ಸಿಗೆ ಹೋದರು. ಸ್ವತಂತ್ರ ಭಾರತದ ಆ ಮೊದಲ ಒಲಿಂಪಿಕ್ ತಂಡದಲ್ಲಿ ಹೆಚ್ಚಿನವರು ಕಾಲಿಗೆ ಬರೀ ಪಟ್ಟಿ ಸುತ್ತಿಕೊಂಡು ಆಡಿದರು. ಫ್ರಾನ್ಸ್ ವಿರುದ್ಧ ಎರಡು ಪೆನಾಲ್ಟಿ ಕೈತಪ್ಪಿ 1-2ರಲ್ಲಿ ಸೋತರು. ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಒಯ್ಯುತ್ತಿದ್ದ ಅಹ್ಮದ್ ಅವರಿಗೆ ‘ಹಾವಾಡಿಗ’ ಎಂಬ ಅಡ್ಡಹೆಸರು ಬಿತ್ತು. ಮರುವರ್ಷ, 22ರ ವಯಸ್ಸಿನಲ್ಲಿ, ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. 1959ರವರೆಗೆ ಅಲ್ಲೇ ಆಡಿದರು. ಕಲ್ಕತ್ತೆಯಲ್ಲಿ ಬೇರೆ ಕ್ಲಬ್ಬಿನ ಅಂಗಿ ತೊಡಲಿಲ್ಲ.

ಬೆಂಗಳೂರಿನಲ್ಲಿ ಬೇರೆ ತಂಡಗಳಿಗೆ ಆಡಿದ್ದರಿಂದ ಲೆಕ್ಕ ಹಾಕುವವರ ಪಟ್ಟಿಯಲ್ಲಿ ಅವರು ‘ಒಂದೇ ಕ್ಲಬ್ಬಿನ ಆಟಗಾರ’ ಆಗಲಾರರು. ಆದರೆ ಆಟದಿಂದ ಹೊಟ್ಟೆ ಹೊರೆಯಲು ಮನೆಬಿಟ್ಟು ಹೋದ ಮೇಲೆ ಅವರಿಗೆ ಇದ್ದದ್ದು ಒಂದೇ ಕ್ಲಬ್. ನನಗೆ ಕುತೂಹಲ ಹುಟ್ಟಿಸಿದ್ದು ಆ ಹತ್ತು ವರ್ಷ. ಅವರು ಏಕೆ ಉಳಿದರು ಎಂಬುದಕ್ಕಿಂತ, ಎಂಥ ಕಡೆ, ಎಂಥ ಕಾಲದಲ್ಲಿ ಉಳಿದರು ಎಂಬುದು.

ಈಸ್ಟ್ ಬೆಂಗಾಲ್ ಹುಟ್ಟಿದ್ದು 1920ರ ಆಗಸ್ಟ್ 1ರಂದು. ಪೂರ್ವ ಬಂಗಾಳದಿಂದ ಕಲ್ಕತ್ತೆಗೆ ಬಂದವರು ತಮ್ಮದೂ ಒಂದು ತಂಡ ಇರಲಿ ಎಂದು ಕಟ್ಟಿದ್ದು ಅದು. ಅಂಗಿ ಕೆಂಪು-ಹಳದಿ, ಹೆಚ್ಚುಕಡಿಮೆ ನಮ್ಮ ಕನ್ನಡ ಬಾವುಟದ ಬಣ್ಣಗಳೇ. 1947ರ ವಿಭಜನೆಯಾದಾಗ ಆ ಪೂರ್ವ ಬಂಗಾಳ ಪರದೇಶವಾಯಿತು. ಮನೆ, ಹೊಲ, ಕೆರೆ ಬಿಟ್ಟು ಲಕ್ಷಗಟ್ಟಲೆ ಜನ ಕಲ್ಕತ್ತೆಗೆ ಬಂದರು. ಹೊಸ ಊರಿನಲ್ಲಿ ಅವರಿಗೆ ಹಳೆಯ ಊರಿನ ಹೆಸರಿದ್ದ ಒಂದೇ ಜಾಗ ಈ ಕ್ಲಬ್. ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾದೀತು. ಹೋರಿ ಓಡುವುದು ಒಬ್ಬ ಮಾಲೀಕನ ಮನೆಯದು, ಆದರೆ ಅದು ಕೈಗೆ ಸಿಗದೆ ಅಖಾಡ ದಾಟಿದಾಗ ಕೇಕೆ ಹಾಕುವುದು ಇಡೀ ಊರು. ಊರಿನ ಹೆಸರು ಅದರ ಕೊರಳಲ್ಲಿ ಇರುತ್ತದೆ. ನಿರಾಶ್ರಿತರಿಗೆ ಈಸ್ಟ್ ಬೆಂಗಾಲ್ ಹಾಗೆ. ಒಂದೇ ವ್ಯತ್ಯಾಸವೆಂದರೆ ಅವರ ಕೈಲಿ ಹೆಸರು ಉಳಿದಿತ್ತು, ಊರು ಉಳಿದಿರಲಿಲ್ಲ.

ಈ ತಂಡದ ಮುಂಚೂಣಿಗೆ ಕಾರ್ಯದರ್ಶಿ ಜೆ.ಸಿ. ಗುಹಾ ದಕ್ಷಿಣದಿಂದ ಐದು ಜನರನ್ನು ಕೂಡಿಹಾಕಿದರು: ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ, ಅಹ್ಮದ್ ಖಾನ್. ಒಬ್ಬರೂ ಬಂಗಾಳಿಗಳಲ್ಲ. ಇಬ್ಬರು ಮುಸ್ಲಿಮರು. ಪೂರ್ವ ಪಾಕಿಸ್ತಾನದಿಂದ ಬಂದ ಹಿಂದೂ ನಿರಾಶ್ರಿತರೇ ಹೆಚ್ಚಾಗಿದ್ದ ಆ ಜನಸ್ತೋಮ ಈ ಐವರನ್ನು ಕರೆದದ್ದು ‘ಪಂಚ ಪಾಂಡವರು’ ಎಂದು.

ಕಾಲ ಯಾವುದೆಂದು ನೆನಪಿಸಿಕೊಂಡರೆ ಈ ಹೆಸರಿನ ಭಾರ ತಿಳಿಯುತ್ತದೆ. 1946ರ ಆಗಸ್ಟಿನ ಕಲ್ಕತ್ತೆಯ ಕಗ್ಗೊಲೆಗಳಾಗಿ ನಾಲ್ಕು ವರ್ಷವೂ ತುಂಬಿರಲಿಲ್ಲ, 1950ರ ಆರಂಭದಲ್ಲಿ ಎರಡೂ ಬಂಗಾಳಗಳಲ್ಲಿ ಮತ್ತೆ ಗಲಭೆ. ಏಪ್ರಿಲಿನಲ್ಲಿ ನೆಹರೂ ಮತ್ತು ಲಿಯಾಖತ್ ಅಲಿ ಖಾನ್ ಅಲ್ಪಸಂಖ್ಯಾತರ ರಕ್ಷಣೆಗೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ಅದೇ ವರ್ಷ ಈಸ್ಟ್ ಬೆಂಗಾಲ್ ಕಲ್ಕತ್ತಾ ಲೀಗ್ ಗೆದ್ದಿತು, ಐ.ಎಫ್.ಎ. ಶೀಲ್ಡನ್ನೂ ಗೆದ್ದಿತು. 1949, 50, 51 ಹೀಗೆ ಸತತ ಮೂರು ವರ್ಷ ಶೀಲ್ಡ್ ಗೆದ್ದ ಮೊದಲ ಭಾರತೀಯ ಕ್ಲಬ್ ಅದೇ. 1951 ಮತ್ತು 52ರಲ್ಲಿ ದಿಲ್ಲಿಯ ಡ್ಯುರಾಂಡ್ ಕಪ್ ಕೂಡ ಬಂತು. ಧರ್ಮದ ಹೆಸರಲ್ಲಿ ಮನೆ ಕಳೆದುಕೊಂಡ ಜನ ಬೆಂಗಳೂರಿನ ಒಬ್ಬ ಮುಸ್ಲಿಂ ಹುಡುಗನ ಕಾಲಿನ ಕಡೆ ಕಣ್ಣು ನೆಟ್ಟು ಮಧ್ಯಾಹ್ನಗಳನ್ನು ಕಳೆದರು. ಆಟ ಗಲಭೆಗಳನ್ನು ನಿಲ್ಲಿಸಲಿಲ್ಲ, ನಿಲ್ಲಿಸಿತೆಂದು ಬರೆಯುವ ಇತಿಹಾಸಕಾರನನ್ನು ನಾನು ನಂಬುವುದೂ ಇಲ್ಲ. ಆದರೆ ಅಹ್ಮದ್ ಖಾನ್ ಆ ಜನರ ನಡುವೆ ಹತ್ತು ವರ್ಷ ಆಡಿದರು, ಜನ ಅವರನ್ನು ತಮ್ಮವರೆಂದು ಇಟ್ಟುಕೊಂಡರು. ಇದಿಷ್ಟು ಮಾತ್ರ ನಿಜ.

ಇನ್ನು ವಿದ್ಯಾರ್ಥಿಯ ಮಾತಿನಲ್ಲಿದ್ದ ‘ಜೀವ ತೇದವರು’ ಎಂಬ ಮೆಚ್ಚುಗೆಗೆ ಬರೋಣ. ಒಂದೇ ಕಡೆ ಉಳಿದವರನ್ನು ನಾವು ನಿಷ್ಠಾವಂತರೆಂದು ಹೊಗಳುತ್ತೇವೆ. ಇತಿಹಾಸ ಓದುವವರು ಅಲ್ಲಿ ಇನ್ನೊಂದು ಪ್ರಶ್ನೆ ಕೇಳಬೇಕಾಗುತ್ತದೆ: ಹೋಗಲು ಬಾಗಿಲು ತೆರೆದಿತ್ತೇ?

ಇಂಗ್ಲೆಂಡಿನ ಟಾಮ್ ಫಿನ್ನಿಯನ್ನು ನೋಡಿ. 1946ರಿಂದ 1960ರವರೆಗೆ ಪ್ರೆಸ್ಟನ್ ನಾರ್ತ್ ಎಂಡ್ ಎಂಬ ಒಂದೇ ಕ್ಲಬ್ಬಿಗೆ 433 ಲೀಗ್ ಪಂದ್ಯ ಆಡಿದವರು. ನಲ್ಲಿ-ಪೈಪಿನ ಕೆಲಸ ಕಲಿತಿದ್ದ ಅವರು ಅಷ್ಟು ದೊಡ್ಡ ಆಟಗಾರರಾದ ಮೇಲೂ ಆ ವ್ಯವಹಾರ ಬಿಡಲಿಲ್ಲ. ಏಕೆಂದರೆ ಆಗ ಇಂಗ್ಲೆಂಡಿನಲ್ಲಿ ಆಟಗಾರನ ಪಗಾರಕ್ಕೆ ಮಿತಿ ಇತ್ತು. 1961ರಲ್ಲಿ ಆ ಮಿತಿ ರದ್ದಾದಾಗಲೂ ಅದು ವಾರಕ್ಕೆ 20 ಪೌಂಡ್ ಅಷ್ಟೇ. 1952ರಲ್ಲಿ ಇಟಲಿಯ ಪಲೆರ್ಮೊ ಕ್ಲಬ್ ಫಿನ್ನಿಗೆ ಸಹಿ ಹಾಕಲೆಂದೇ 10,000 ಪೌಂಡ್ ಕೊಡಲು ಬಂತು. ಪ್ರೆಸ್ಟನ್ ಬಿಡಲಿಲ್ಲ. ಕರಾರು ಮುಗಿದರೂ ಕ್ಲಬ್ ಒಪ್ಪದೆ ಆಟಗಾರ ಬೇರೆಡೆ ಹೋಗುವಂತಿರಲಿಲ್ಲ. 1963ರಲ್ಲಿ ಜಾರ್ಜ್ ಈಸ್ಟ್‌ಹ್ಯಾಮ್ ಮೊಕದ್ದಮೆಯಲ್ಲಿ ನ್ಯಾಯಾಲಯ ಆ ಪದ್ಧತಿಯನ್ನು ಸಡಿಲಿಸಿತು. ಯುರೋಪಿನಲ್ಲಿ ಕರಾರು ಮುಗಿದವನಿಗೆ ಪೂರ್ತಿ ಬಿಡುಗಡೆ ಸಿಕ್ಕಿದ್ದು 1995ರ ಬೋಸ್ಮನ್ ತೀರ್ಪಿನಿಂದ. ಅಂದರೆ ತೊತ್ತಿಯ ಉಳಿಯುವಿಕೆ, ಫಿನ್ನಿಯ ಉಳಿಯುವಿಕೆ ನೋಡಲು ಒಂದೇ, ಒಳಗೆ ಬೇರೆ. ಒಬ್ಬರ ಮುಂದೆ ಬಾಗಿಲು ತೆರೆದಿತ್ತು, ಇನ್ನೊಬ್ಬರದಕ್ಕೆ ಹೊರಗಿನಿಂದ ಚಿಲಕ.

ಬ್ಯಾಡಗಿಯವನಾದ ನನಗೆ ಈ ವ್ಯತ್ಯಾಸ ಪುಸ್ತಕದಲ್ಲಿ ಓದುವ ಮೊದಲೇ ಗೊತ್ತಿತ್ತು. ಸೋಮವಾರ, ಗುರುವಾರ ನಮ್ಮ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲಗಳು ಬರುತ್ತವೆ. ಒಂದೊಂದು ಮನೆತನದ ಮಾಲು ಒಂದೊಂದು ದಲಾಲಿ ಅಂಗಡಿಗೆ, ತಲೆಮಾರಿನಿಂದ. ನಮ್ಮಪ್ಪನೂ ಹಾಗೆ. ಚಿಕ್ಕವನಿದ್ದಾಗ ಕೇಳಿದ್ದೆ, ‘ಅಪ್ಪಾ, ಬ್ಯಾರೆ ಅಂಗಡ್ಯಾಗ ಯಾಕ ಹಾಕೂದಿಲ್ಲ?’ ಅಪ್ಪ ಹೇಳಿದ್ದು: ‘ಬಿತ್ತಾಕ ರೊಕ್ಕ ಕೊಟ್ಟಾವ್ರು ಅವ್ರು. ಮಾಲು ಬ್ಯಾರೆ ಕಡೆ ಹೆಂಗ ಹಾಕೂದೋ? ಮತ್ತ ನಿಮ್ಮ ಅಕ್ಕನ ಲಗ್ನಕ್ಕ ಮುಂಜಾನಿ ಬಂದು ನಿಂತಾವ್ರೂ ಅವ್ರ.’ ಒಂದೇ ಉಸಿರಿನಲ್ಲಿ ಉಚಂತಿ ಸಾಲವೂ ಬಂತು, ಸಂಬಂಧವೂ ಬಂತು. ಇದರಲ್ಲಿ ನಂಬಿಕೆ ಎಷ್ಟು, ಕಟ್ಟು ಎಷ್ಟು ಎಂದು ಬಿಡಿಸಿ ಹೇಳುವುದು ಅಪ್ಪನಿಗೂ ಆಗುತ್ತಿರಲಿಲ್ಲ. ಖಾತೆ ಪುಸ್ತಕದಲ್ಲಿ ಸಾಲ ಮಾತ್ರ ಕಾಣುತ್ತದೆ. ಹಾಗೆಂದು ಲಗ್ನಕ್ಕೆ ಬಂದು ನಿಂತದ್ದು ಸುಳ್ಳಾಗುವುದಿಲ್ಲ.

ಹಾಗಾದರೆ ಕಲ್ಕತ್ತೆಯ ಬಾಗಿಲು ಹೇಗಿತ್ತು? ಕಾಗದದ ಮೇಲೆ ಅಲ್ಲಿ ಎಲ್ಲರೂ ಹವ್ಯಾಸಿಗಳು. ವಾಸ್ತವದಲ್ಲಿ ಕ್ಲಬ್ಬುಗಳು ಹಣ ಕೊಡುತ್ತಿದ್ದವು, ನೌಕರಿ ಕೊಡಿಸುತ್ತಿದ್ದವು. ಪ್ರತಿ ವರ್ಷ ಹೊಸ ಹಂಗಾಮಿಗೆ ಮೊದಲು ಆಟಗಾರರು ಕ್ಲಬ್ ಬದಲಿಸುವ ಕಾಲ ಬರುತ್ತಿತ್ತು. ಅದಕ್ಕೆ ಬಂಗಾಳಿಯಲ್ಲಿ ‘ದಲ್‌ಬದಲ್’ ಎನ್ನುತ್ತಾರೆ. ಎದುರಾಳಿ ಕ್ಲಬ್ಬಿನವರ ಕೈಗೆ ಸಿಗಬಾರದೆಂದು ಆಟಗಾರರನ್ನು ಗುಟ್ಟಾದ ಮನೆಗಳಲ್ಲಿ ಬಚ್ಚಿಡುತ್ತಿದ್ದ ಕಥೆಗಳು ಅಲ್ಲಿ ಬೇಕಾದಷ್ಟಿವೆ. ಅಲ್ಲಿ ಉಳಿದವರು ಒಂದು ಸಲ ನಿರ್ಧರಿಸಿ ಉಳಿದವರಲ್ಲ, ವರ್ಷ ವರ್ಷವೂ ನಿರ್ಧರಿಸಿದವರು.

ಅಂಥವರಲ್ಲಿ ಇನ್ನಿಬ್ಬರನ್ನು ಹೇಳಬೇಕು, ಇಬ್ಬರೂ ಎದುರಾಳಿ ಮೋಹನ್ ಬಾಗಾನಿನವರು. ಶೈಲೇನ್ ಮನ್ನಾ 1942ರಿಂದ 1960ರವರೆಗೆ ಅಲ್ಲಿ ಆಡಿದರು. ಜೀವನೋಪಾಯಕ್ಕೆ ಇದ್ದದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನೌಕರಿ. ಚುನಿ ಗೋಸ್ವಾಮಿ 1954ರಿಂದ 1968ರವರೆಗೆ ಆಡಿ, 1962ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದ ನಾಯಕರಾದರು. ಚುನಿ ಹುಟ್ಟಿದ್ದು ಪೂರ್ವ ಬಂಗಾಳದ ಕಿಶೋರ್‌ಗಂಜ್‌ನಲ್ಲಿ. ಹುಟ್ಟಿನ ಲೆಕ್ಕದಲ್ಲಿ ಅವರು ಈಸ್ಟ್ ಬೆಂಗಾಲಿನ ಹುಡುಗ. ಪೂರ್ವ ಬಂಗಾಳದವನು ಜೀವನವಿಡೀ ಮೋಹನ್ ಬಾಗಾನಿನಲ್ಲಿ, ಬೆಂಗಳೂರಿನವನು ಈಸ್ಟ್ ಬೆಂಗಾಲಿನಲ್ಲಿ. ಆಟಗಾರನ ಊರನ್ನು ಅವನ ಜನ್ಮಪತ್ರ ಹೇಳಲಾರದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅಹ್ಮದ್ ಅವರ ಹತ್ತು ವರ್ಷ ಸುಖದ್ದೂ ಆಗಿರಲಿಲ್ಲ. 1951ರಲ್ಲಿ ದಿಲ್ಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ತಂಡದಲ್ಲಿ ಅವರೂ ಮನ್ನಾ ಅವರೂ ಜೊತೆಗಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ಚಳಿಯಲ್ಲಿ ಬರಿಗಾಲಲ್ಲಿ ನಿಂತ ಭಾರತ ಯುಗೊಸ್ಲಾವಿಯಾ ಎದುರು 1-10ರಲ್ಲಿ ಸೋತಿತು. ಆ ಒಂದು ಗೋಲು ಅಹ್ಮದ್ ಅವರದು, ಆಟ ಮುಗಿಯಲು ಒಂದು ನಿಮಿಷ ಇದ್ದಾಗ. ಎಲ್ಲ ಮುಗಿದು ಹೋದ ಮೇಲೂ ಗೋಲಿನ ಕಡೆ ಓಡಿದ ಆ ಮನುಷ್ಯನ ಬಗ್ಗೆ ನನಗೆ ಕಪ್ಪುಗಳಿಗಿಂತ ಹೆಚ್ಚು ಗೌರವ. ಆ ಸೋಲಿನ ನಂತರ ಭಾರತದ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ಬರಿಗಾಲಿನ ಬೆರಳುಗಳಿಂದ ಚೆಂಡನ್ನು ಪಳಗಿಸಿದ್ದ ಹಾವಾಡಿಗ 25ರ ನಂತರ ಚರ್ಮದ ಒಳಗೆ ಕಾಲಿಟ್ಟು ತನ್ನ ವಿದ್ಯೆಯನ್ನು ಮತ್ತೆ ಕಲಿಯಬೇಕಾಯಿತು. 1953ರ ಹೊತ್ತಿಗೆ ಪಾಂಡವರ ಜೊತೆ ಒಡೆಯಿತು. ಅಹ್ಮದ್ ಉಳಿದರು, ಮರುವರ್ಷ ತಂಡದ ನಾಯಕರಾದರು.

ಈಗಿನ ಹುಡುಗರಿಗೆ ಕರಾರುಗಳ ಕಾಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ.ಯಲ್ಲಿ ಸುನೀಲ್ ಛೇತ್ರಿ ದಶಕಕ್ಕೂ ಹೆಚ್ಚು ಕಾಲ ನಿಂತದ್ದು ಸುದ್ದಿಯಾಗುವುದೇ ಅದು ಅಪರೂಪವಾದ್ದರಿಂದ. ಹಿಂದೆ ಬೆಂಗಳೂರಿನ ಐ.ಟಿ.ಐ., ಎಚ್.ಎ.ಎಲ್. ತಂಡಗಳ ಆಟಗಾರರಿಗೆ ಕ್ಲಬ್ ಎಂದರೆ ನೌಕರಿ, ನೌಕರಿ ಎಂದರೆ ನಿವೃತ್ತಿಯವರೆಗಿನ ಭದ್ರತೆ. ಕ್ರೀಡಾ ಕೋಟಾದಲ್ಲಿ ರೈಲ್ವೆಗೋ ಪೊಲೀಸಿಗೋ ಸೇರಬೇಕೆಂದು ಹಾವೇರಿ, ರಾಣೆಬೆನ್ನೂರಿನ ಮೈದಾನಗಳಲ್ಲಿ ಬೆವರು ಸುರಿಸುವ ಕಬಡ್ಡಿ ಹುಡುಗರು ಇಂದಿಗೂ ಬಯಸುವುದು ಅದನ್ನೇ. ಅವರಲ್ಲಿ ಒಬ್ಬ ಮುಂದೆ ಮೂವತ್ತು ವರ್ಷ ಒಂದೇ ತಂಡದಲ್ಲಿ ಉಳಿದರೆ ಅದನ್ನು ನಿಷ್ಠೆ ಎನ್ನಲು ನಾನು ಹಿಂಜರಿಯುವುದಿಲ್ಲ. ಅಂಥ ನಿಷ್ಠೆಗೆ ಪಗಾರ, ಪಿಂಚಣಿ ಎಂಬ ನೆಲವೂ ಇತ್ತೆಂದು ಮರೆಯುವುದೂ ಇಲ್ಲ.

ಅಹ್ಮದ್ ಖಾನ್ ಆಟ ಮುಗಿಸಿ ಬೆಂಗಳೂರಿಗೇ ಮರಳಿದರು. 2017ರ ಆಗಸ್ಟಿನಲ್ಲಿ, 90ರ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು. ಅವರು ಹತ್ತು ವರ್ಷ ಪರರಿಗೆ ಊರಾಗಿದ್ದರು. ಆ ವಿದ್ಯಾರ್ಥಿಗೆ ಹೆಸರು ಹೇಳಿದಾಗ ಅವನು ವಹಿಯಲ್ಲಿ ಬರೆದುಕೊಂಡ. ಯಾವ ಊರಿನವರು ಎಂದು ಬರೆಯಬೇಕೆಂದು ಕೇಳಿದ. ಎರಡನ್ನೂ ಬರೆ ಎಂದೆ.