ಜಲಪಾತದ ಗಿರಣಿ ಮತ್ತು ದುಡಿಮೆಯ ಅಳತೆ

ಘಟಪ್ರಭಾ ನದಿ ಸುಮಾರು 170 ಅಡಿ ಎತ್ತರದಿಂದ ಧುಮ್ಮಿಕ್ಕುವ ಗೋಕಾಕ ಫಾಲ್ಸ್‌ನಲ್ಲಿ, 1885ರಲ್ಲಿ ಸ್ಥಾಪನೆಯಾದ ಗೋಕಾಕ ವಾಟರ್ ಪವರ್ ಆ್ಯಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯು ಆ ನೀರಿನ ಬಲದಿಂದಲೇ ನಡೆಯುವ ನೂಲಿನ ಗಿರಣಿಯನ್ನು 1887ರಲ್ಲಿ ಆರಂಭಿಸಿದಾಗ, ಈ ಸೀಮೆಯ ದುಡಿಮೆಗೆ ಹೊಸದೊಂದು ಅಳತೆಗೋಲು ಬಂದಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಬೆಲ್ಲದ ಗಾಣಗಳಲ್ಲಿ, ಕುದಿಯುವ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ಅದು ಬೆರಳಿನಲ್ಲಿ ಉಂಡೆಗಟ್ಟುತ್ತದೆಯೇ ಎಂದು ನೋಡಬಲ್ಲ ಅನುಭವಿಯೇ ಕೊಪ್ಪರಿಗೆಯನ್ನು ಇಳಿಸುವ ಹೊತ್ತನ್ನು ಹೇಳುತ್ತಾನೆ. ಗಿರಣಿಯಲ್ಲಿ ಅಂಥ ಅಧಿಕಾರವು ಕೆಲಸಗಾರನ ಕೈತಪ್ಪಿ ಯಂತ್ರದ ವೇಗಕ್ಕೆ ಸೇರಿತು.

ನೂಲುವ ಯಂತ್ರವಾದ ರಿಂಗ್ ಫ್ರೇಮಿನ ಎರಡೂ ಬದಿಗೆ ನೂರಾರು ಕದಿರುಗಳು ಸಾಲಾಗಿ ತಿರುಗುತ್ತಿರುತ್ತವೆ. ಕೆಲಸಗಾರನು ಆ ಸಾಲಿನುದ್ದಕ್ಕೂ ನಡೆಯುತ್ತ, ಕಡಿದ ಎಳೆಯ ತುದಿಯನ್ನು ಹುಡುಕಿ, ತಿರುಗುತ್ತಿರುವ ಕದಿರನ್ನು ಹಿಡಿದು ನಿಲ್ಲಿಸಿ, ಮತ್ತೆ ಹತ್ತಿಗೆ ಕೂಡಿಸಬೇಕು. ಎಳೆ ಎಷ್ಟು ಸಲ ಕಡಿಯುತ್ತದೆ ಎಂಬುದು ಹತ್ತಿಯ ಗುಣ, ಗಾಳಿಯ ತೇವ ಹಾಗೂ ನೂಲಿನ ನಂಬರನ್ನು ಅವಲಂಬಿಸಿದೆ. ಇಲ್ಲಿ ನಂಬರ್ ಎಂದರೆ ಒಂದು ಪೌಂಡ್ ತೂಕಕ್ಕೆ 840 ಗಜದ ಎಷ್ಟು ಲಡಿಗಳು ತೂಗುತ್ತವೆ ಎಂಬ ಲೆಕ್ಕ. ನಂಬರ್ ಏರಿದಷ್ಟೂ ನೂಲು ಸಣ್ಣದಾಗುತ್ತದೆ. ಆದ್ದರಿಂದ ಒಬ್ಬನಿಗೆ ಇಷ್ಟು ಕದಿರು ಎಂದು ಗೊತ್ತುಮಾಡುವವರು ಕಡಿತದ ಪ್ರಮಾಣವನ್ನು ಎಣಿಸದಿದ್ದರೆ, ಆ ಹಂಚಿಕೆ ನ್ಯಾಯದ್ದಾಗಲಾರದು.

ಕೆಲಸವನ್ನು ಬಿಡಿಬಿಡಿಯಾಗಿ ಒಡೆದು, ಗಡಿಯಾರ ಹಿಡಿದು ಅಳೆದು, ಒಂದೇ ರೀತಿಗೆ ತರುವ ವಿಧಾನಕ್ಕೆ ಅಮೆರಿಕದ ಫ್ರೆಡರಿಕ್ ಟೇಲರ್ 1911ರ ತನ್ನ ಗ್ರಂಥದಲ್ಲಿ ಶಾಸ್ತ್ರದ ರೂಪ ಕೊಟ್ಟನು. ಭಾರತದ ಗಿರಣಿಗಳಿಗೆ ಅದು ಬಂದದ್ದು ಕಲಹದ ಮೂಲಕ: ಒಬ್ಬನ ಪಾಲಿಗೆ ಹೆಚ್ಚು ಮಗ್ಗ, ಹೆಚ್ಚು ಕದಿರು ವಹಿಸುವ ಯೋಜನೆಯು, 1928ರಲ್ಲಿ ಆರು ತಿಂಗಳ ಕಾಲ ಮುಂಬಯಿಯ ಗಿರಣಿಗಳನ್ನು ನಿಲ್ಲಿಸಿದ ಮುಷ್ಕರದ ಮುಖ್ಯ ಕಾರಣಗಳಲ್ಲೊಂದಾಗಿತ್ತು. ಕಾರ್ಮಿಕರು ವಿರೋಧಿಸಿದ್ದು ಅಳತೆಯನ್ನಲ್ಲ, ಅಳೆಯುವ ಅಧಿಕಾರವೆಲ್ಲ ಮಾಲಕನ ಕೈಯಲ್ಲೇ ಉಳಿಯುವುದನ್ನು ಎಂದು ತಿಳಿಯುವುದೇ ಸರಿ. 1922ರ ಕಾಯ್ದೆಯಡಿ ದಿನಕ್ಕೆ 11 ಗಂಟೆಯಿದ್ದ ದುಡಿಮೆಯ ಮಿತಿ 1948ರ ಹೊತ್ತಿಗೆ 9ಕ್ಕೆ ಇಳಿದಂತೆ, ಉಳಿದ ಪ್ರತಿ ಗಂಟೆಯ ಉತ್ಪನ್ನದ ಮೇಲೆ ಗಿರಣಿಗಳ ಕಣ್ಣು ಇನ್ನಷ್ಟು ನೆಟ್ಟದ್ದು ಸಹಜವೇ ಆಗಿತ್ತು.

1952ರಿಂದ 1954ರವರೆಗೆ ಭಾರತದಲ್ಲಿದ್ದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ತಜ್ಞರ ತಂಡವು ಅಹಮದಾಬಾದಿನ ಗಿರಣಿಗಳಲ್ಲಿ, ಕೆಲಸದ ರೀತಿಯನ್ನು ಸುಧಾರಿಸಿದರೆ, ಆಳಿನ ಮೇಲೆ ಹೊರೆ ಹೇರದೆಯೂ ಉತ್ಪನ್ನ ಹೆಚ್ಚುತ್ತದೆ ಎಂದು ತೋರಿಸಿತು.