ಕಸಾರಾ ಘಟ್ಟವೂ ಪದ್ಮಿನಿಯ ಕಾರ್ಬ್ಯುರೇಟರೂ

ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸವನ್ನು ಕಾಣಲು ಮುಂಬಯಿಯಿಂದ ನಾಸಿಕದ ಮಾರ್ಗವಾಗಿ ವೇರೂಳಿಗೆ ಹೊರಟವರು ಮೊದಲು ಕಸಾರಾ ಘಟ್ಟವನ್ನು ಏರಬೇಕು. ಹಳೆಯ ಕಾರುಗಳಿಗೆ ಅದೇ ನಿಜವಾದ ಪರೀಕ್ಷೆ.

ಆ ದಾರಿಯಲ್ಲಿ ಬಹುಕಾಲ ಓಡಿದ ಕಾರು ಪ್ರೀಮಿಯರ್ ಪದ್ಮಿನಿ. ಕುರ್ಲಾದ ಕಾರ್ಖಾನೆಯಿಂದ 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂದು ಹೊರಬಂದದ್ದೇ 1974ರಲ್ಲಿ ಈ ಹೆಸರನ್ನು ಪಡೆಯಿತು. ಅದರ 1089 ಸಿ.ಸಿ. ಎಂಜಿನ್ನಿಗೆ ಗಾಳಿ, ಪೆಟ್ರೋಲುಗಳನ್ನು ಹದವಾಗಿ ಬೆರೆಸಿ ಕೊಡುತ್ತಿದ್ದುದು ಸೋಲೆಕ್ಸ್ ಕಾರ್ಬ್ಯುರೇಟರ್. ಆ ಹೆಸರು ಮೂಲತಃ ಫ್ರಾನ್ಸಿನದು. ಆಮದಿಗೆ ಕಟ್ಟುಪಾಡಿದ್ದ ಆ ದಶಕಗಳಲ್ಲಿ ಮಾಲೀಕನಿಗೆ ಆಯ್ಕೆಯೇ ಇರಲಿಲ್ಲ. ಆದರೆ ಒಂದೇ ಉಪಕರಣ ದಶಕಗಳ ಕಾಲ ಉಳಿದುದರಿಂದ ಬೀದಿಬೀದಿಯ ಗ್ಯಾರೇಜಿನವರಿಗೂ ಅದರ ಸ್ವಭಾವ ಕರಗತವಾಯಿತು. ಅದರ ವಿಶ್ವಾಸಾರ್ಹತೆಯ ಅರ್ಧಪಾಲು ಆ ಕೈಗಳದು.

2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿಯಿತು. ಈಗ ಮನೆಯಲ್ಲಿ ತಂದೆಯ ಕಾಲದ ಕಾರನ್ನು ಉಳಿಸಿಕೊಂಡವರು ಆಯ್ಕೆಯನ್ನು ತಾವೇ ಮಾಡಬೇಕಾಗಿದೆ. ಬೇರೆ ಕಾರಿನ ಕಾರ್ಬ್ಯುರೇಟರನ್ನು ಜೋಡಿಸುವುದು ಸುಲಭವೆಂದು ತೋರುತ್ತದೆ. ಆದರೆ ಮಾರುತಿ 800ರ ಎಂಜಿನ್ 796 ಸಿ.ಸಿ.ಯದು; ಅದರ ಗಾಳಿಯ ದಾರಿ, ಜೆಟ್ಟಿನ ರಂಧ್ರ ಎಲ್ಲವೂ ಆ ಅಳತೆಗೆ ಹೊಂದಿದವು. ದೊಡ್ಡ ಎಂಜಿನ್ನಿಗೆ ಅದನ್ನು ಹೊಸದಾಗಿ ಹೊಂದಿಸದೆ ಗತ್ಯಂತರವಿಲ್ಲ.

ಮೂಲದ ಸೋಲೆಕ್ಸನ್ನೇ ಆರಿಸುವವರು ಅದರ ಥ್ರಾಟಲ್ ದಂಡ ಸವೆದು ಅಲುಗಾಡುತ್ತಿದೆಯೇ, ಹಿತ್ತಾಳೆಯ ಜೆಟ್ಟನ್ನು ಯಾರಾದರೂ ತಂತಿಯಿಂದ ಚುಚ್ಚಿ ಹಿಗ್ಗಿಸಿದ್ದಾರೆಯೇ ಎಂದು ನೋಡಬೇಕು. ಕೈಲಾಸವನ್ನು ಬಂಡೆಯ ನೆತ್ತಿಯಿಂದ ಕೆಳಕ್ಕೆ ಕಡೆದ ಶಿಲ್ಪಿಗಳಿಗೆ ತಿಳಿದಿದ್ದ ಮಾತು ಇಲ್ಲಿಯೂ ಸಲ್ಲುತ್ತದೆ: ಕೊರೆದುದನ್ನು ಮರಳಿ ತುಂಬಲಾಗದು. ಹಿಗ್ಗಿದ ಜೆಟ್ಟನ್ನು ಬದಲಿಸಬೇಕು, ಅಷ್ಟೆ.

ಘಟ್ಟದಲ್ಲಿ ಕಾರು ನಿಂತಾಗಲೆಲ್ಲ ಕಾರ್ಬ್ಯುರೇಟರನ್ನು ದೂರುವುದೂ ಸರಿಯಲ್ಲ. ಕೆಳಗೇರಿನಲ್ಲಿ ಎಂಜಿನ್ ಕಾದು, ಪೆಟ್ರೋಲು ಪಂಪಿನಲ್ಲೋ ಕೊಳವೆಯಲ್ಲೋ ಆವಿಯಾದರೆ ಯಾವ ಕಾರ್ಬ್ಯುರೇಟರೂ ನೆರವಾಗದು. ಇದರ ಜೊತೆಗೆ ಇಂದಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಕೆಡಿಸುತ್ತದೆ, ಮಿಶ್ರಣವನ್ನು ತೆಳುವಾಗಿಸುತ್ತದೆ. ಆದ್ದರಿಂದ ಎಥನಾಲಿಗೆ ಒಗ್ಗುವ ಕೊಳವೆ, ವಾಷರುಗಳನ್ನು ಹಾಕಿಸಿ, ಅಗತ್ಯವಾದರೆ ಒಂದಳತೆ ದೊಡ್ಡ ಜೆಟ್ಟನ್ನು ಕೂಡಿಸುವುದು ವಿವೇಕ.

ಬಿಡಿಭಾಗ ಇಂದಿಗೂ ಹುಡುಕಿದರೆ ದೊರೆಯಬಹುದು. ಸದ್ದು ಕೇಳಿಯೇ ಹದವನ್ನು ತಿಳಿಯುವ ಮೇಸ್ತ್ರಿ ಮುಂದೆ ದೊರೆಯುವುದು ಕಷ್ಟ. ಅಂಥವರು ಇರುವಾಗಲೇ ಅವರ ಪಕ್ಕದಲ್ಲಿ ನಿಂತು ನೋಡಿ, ಕೇಳಿ, ಬರೆದಿಟ್ಟುಕೊಳ್ಳುವುದು ಒಳ್ಳೆಯದು.