ಪಿಸಿಒಎಸ್ ಮತ್ತು ಯಕೃತ್ತು

ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ (ಪಿಸಿಒಎಸ್) ಮುಟ್ಟಾಗುವ ವಯಸ್ಸಿನ ಹೆಂಗಸರಲ್ಲಿ ತೀರಾ ಸಾಮಾನ್ಯವಾದ ಹಾರ್ಮೋನ್ ತೊಂದರೆ. ಜನರ ಬಾಯಲ್ಲಿ ಇದು ಪಿಸಿಒಡಿ. 1935ರಲ್ಲಿ ಷಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಏಳು ಮಂದಿಯಲ್ಲಿ ಇದನ್ನು ವಿವರಿಸಿದರು. ಅಂಡಾಶಯದ ಒಂದು ತುಂಡನ್ನು ಕತ್ತರಿಸಿ ತೆಗೆಯುವುದು ಆಗಿನ ಚಿಕಿತ್ಸೆ. ಮುಟ್ಟು ಮತ್ತು ಬಸಿರಿನ ಆಚೆಗೆ ಈ ಕಾಯಿಲೆಯನ್ನು ನೋಡದ ರೂಢಿ ಇಂದಿಗೂ ಪೂರ್ತಿ ಹೋಗಿಲ್ಲ. ಆದರೆ ಯಕೃತ್ತನ್ನು ಬಿಟ್ಟರೆ ಪಿಸಿಒಎಸ್ ಅರ್ಥವಾಗುವುದಿಲ್ಲ. ಈ ಕಾಯಿಲೆಯಲ್ಲಿ ಯಕೃತ್ತು ಪೆಟ್ಟು ತಿನ್ನುವುದಷ್ಟೇ ಅಲ್ಲ, ಕಾಯಿಲೆ ಬಲಿಯುವುದಕ್ಕೂ ಕಾರಣವಾಗುತ್ತದೆ.

ಸ್ನಾಯುಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ ಮೇದೋಜೀರಕ ಗ್ರಂಥಿ ಅದನ್ನು ಇನ್ನಷ್ಟು ಸ್ರವಿಸುತ್ತದೆ. ಅಂಡಾಶಯದ ಸ್ಪಂದನೆ ಮಾತ್ರ ಕುಗ್ಗಿರುವುದಿಲ್ಲವಾದ್ದರಿಂದ ಹೆಚ್ಚಿದ ಇನ್ಸುಲಿನ್ ಅಲ್ಲಿ ಟೆಸ್ಟೋಸ್ಟಿರೋನ್ ತಯಾರಿಕೆಯನ್ನು ಏರಿಸುತ್ತದೆ. ಅದೇ ಇನ್ಸುಲಿನ್ ಯಕೃತ್ತಿನಲ್ಲಿ ಸಕ್ಕರೆಯನ್ನು ಕೊಬ್ಬಾಗಿಸುವ ಕೆಲಸವನ್ನು ಚುರುಕುಗೊಳಿಸುತ್ತದೆ. ಟೆಸ್ಟೋಸ್ಟಿರೋನನ್ನು ರಕ್ತದಲ್ಲಿ ಹಿಡಿದಿಡುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ತಯಾರಾಗುವುದು ಯಕೃತ್ತಿನಲ್ಲೇ. ಕೊಬ್ಬು ತುಂಬಿದ ಯಕೃತ್ತು ಇದನ್ನು ಕಡಿಮೆ ತಯಾರಿಸುತ್ತದೆ. ಹಿಡಿತ ತಪ್ಪಿದ ಟೆಸ್ಟೋಸ್ಟಿರೋನ್ ಹೊಟ್ಟೆಯೊಳಗಿನ ಕೊಬ್ಬನ್ನು ಬೆಳೆಸುತ್ತದೆ, ಇನ್ಸುಲಿನ್‌ಗೆ ಪ್ರತಿರೋಧ ಮತ್ತೆ ಹೆಚ್ಚುತ್ತದೆ. ಈ ಪ್ರತಿರೋಧದ ಗುರುತು ಕೆಲವೊಮ್ಮೆ ಹೊರಗೇ ಕಾಣುತ್ತದೆ: ಕತ್ತಿನ ಹಿಂಭಾಗದಲ್ಲಿ ಕಪ್ಪಾಗಿ, ದಪ್ಪಗೆ, ಮಖಮಲ್ಲಿನಂತಾದ ಚರ್ಮ. ಕೊಳೆಯೆಂದು ಎಷ್ಟೋ ಹುಡುಗಿಯರು ಅದನ್ನು ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತಾರೆ.

ಇದೆಲ್ಲ ಬೊಜ್ಜಿನ ಫಲ, ಹಾರ್ಮೋನನ್ನು ದೂರಬೇಕಿಲ್ಲ ಎಂಬ ಆಕ್ಷೇಪವಿದೆ. ಬೊಜ್ಜಿನ ಪಾಲು ದೊಡ್ಡದೆಂಬುದು ನಿಜವೇ. ಆದರೆ ತೂಕ ಸರಿಸಮನಾಗಿರುವ ಹೆಂಗಸರನ್ನು ಹೋಲಿಸಿದ ಅಧ್ಯಯನಗಳಲ್ಲೂ ಪಿಸಿಒಎಸ್ ಇದ್ದವರಲ್ಲಿ, ಅದರಲ್ಲೂ ಟೆಸ್ಟೋಸ್ಟಿರೋನ್ ಹೆಚ್ಚಿದ್ದವರಲ್ಲಿ, ಫ್ಯಾಟಿ ಲಿವರ್ (ಯಕೃತ್ತಿನಲ್ಲಿ ಕೊಬ್ಬು ತುಂಬುವುದು) ಹೆಚ್ಚಾಗಿ ಕಂಡಿದೆ. ಜೊತೆಗೆ ದಕ್ಷಿಣ ಏಷ್ಯಾದವರಲ್ಲಿ ತೂಕ ಕಡಿಮೆಯಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುವುದುಂಟು. ಅದಕ್ಕಾಗಿಯೇ ನಮ್ಮ ಹೆಂಗಸರ ಸೊಂಟದ ಸುತ್ತಳತೆಗೆ 80 ಸೆಂ.ಮೀ. ಮಿತಿ ಇಟ್ಟಿರುವುದು. ತೆಳ್ಳಗಿದ್ದಾಳೆಂದು ಪರೀಕ್ಷೆಯನ್ನೇ ಬಿಡುವುದು ಸರಿಯಲ್ಲ. ಫ್ಯಾಟಿ ಲಿವರ್ ಇದ್ದವರಲ್ಲಿ ಬಹುಪಾಲು ಮಂದಿ ಯಕೃತ್ತು ಕಲೆಗಟ್ಟಿ ಗಟ್ಟಿಯಾಗುವ ಸಿರೋಸಿಸ್‌ವರೆಗೆ ಹೋಗುವುದಿಲ್ಲ ಎಂಬ ಮಾತನ್ನೂ ಒಪ್ಪೋಣ. ಆದರೆ ಸಕ್ಕರೆ ಕಾಯಿಲೆ, ಹೃದಯದ ಕಾಯಿಲೆಗಳ ಅಪಾಯ ಅಲ್ಲಿಯವರೆಗೆ ಕಾಯುವುದಿಲ್ಲ.

ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವವಾದ ಎಎಲ್‌ಟಿ ಸಹಜವಾಗಿದ್ದ ಮಾತ್ರಕ್ಕೆ ಯಕೃತ್ತಿನಲ್ಲಿ ಕೊಬ್ಬಿಲ್ಲವೆಂದಲ್ಲ. ಖಾಲಿ ಹೊಟ್ಟೆಯ ಸಕ್ಕರೆಯೊಂದನ್ನೇ ನೋಡಿದರೂ ಸಾಲದು; ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ಬಳಿಕ ಮಾಡುವ ಪರೀಕ್ಷೆಯೇ ಹೆಚ್ಚು ನಿಖರವೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಗರ್ಭನಿರೋಧಕ ಮಾತ್ರೆ ಮುಟ್ಟನ್ನು ಕ್ರಮಕ್ಕೆ ತರುತ್ತದೆ, ಎಸ್‌ಎಚ್‌ಬಿಜಿಯನ್ನೂ ಏರಿಸುತ್ತದೆ, ಆದರೆ ಇನ್ಸುಲಿನ್ ಪ್ರತಿರೋಧವನ್ನು ನೀಗಿಸುವುದಿಲ್ಲ. ಮೆಟ್‌ಫಾರ್ಮಿನ್ ಸಕ್ಕರೆಯ ಹತೋಟಿಗೆ ನೆರವಾದರೂ ಯಕೃತ್ತಿನ ಕೊಬ್ಬನ್ನು ಖಚಿತವಾಗಿ ಕರಗಿಸುತ್ತದೆ ಎನ್ನಲಾಗದು. ತೂಕ ಹೆಚ್ಚಿರುವವರಲ್ಲಿ ಶೇ. 5ರಿಂದ 10ರಷ್ಟು ಇಳಿದರೆ ಆ ಕೊಬ್ಬೂ ಇಳಿಯುತ್ತದೆ, ಎಷ್ಟೋ ಜನರಲ್ಲಿ ಮುಟ್ಟೂ ಮರಳುತ್ತದೆ.